ರೆಲಿಕ್ಟ್ ಎಂಬ ಶಬ್ದಕ್ಕೆ ನಾನು ಬರೆದ ಅರ್ಥ

ಸಿದ್ದಾಪುರ ಪೇಟೆಯಲ್ಲಿ ನನ್ನ ಹೆಸರು ಹಿಡಿದು ಮನೆ ಕೇಳಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಧಾತು ಮಾಸ್ತರ ಮನೆ ಎಂದರೆ ಬಾಗಿಲವರೆಗೆ ತಂದು ಬಿಡುತ್ತಾರೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಹುಡುಗರು ಇಟ್ಟ ಅಡ್ಡಹೆಸರು ಅದು. ಯಾವ ಶಬ್ದ ಬಂದರೂ ಅದರ ಬುಡ ಅಗೆದು, ಇದು ಲ್ಯಾಟಿನ್, ಇದು ಗ್ರೀಕ್ ಎಂದು ಬೋರ್ಡಿನ ಮೇಲೆ ಬಿಡಿಸಿ ಬರೆಯುವುದು ನನ್ನ ಚಟ. ಬುಡ ಗೊತ್ತಿದ್ದವನಿಗೆ ಡಿಕ್ಷನರಿ ಯಾಕೆ ಬೇಕು ಎಂದು ಎಷ್ಟು ತಂಡದ ಮಕ್ಕಳಿಗೆ ಹೇಳಿದ್ದೇನೋ, ಲೆಕ್ಕವಿಲ್ಲ. ಆ ಮಾತು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ರಿಟೈರಾದ ಮೇಲೂ ನನ್ನ ಇಂಗ್ಲಿಷಿಗೆ ಕೆಲಸ ತಪ್ಪಲಿಲ್ಲ. ನಮ್ಮ ಕಡೆ ಒಂದು ಕಾಲದಲ್ಲಿ ಮುಂಬೈ ಸರಕಾರದ ಆಡಳಿತವಿತ್ತಲ್ಲ, ಹಳೆಯ ಮನೆಗಳ ಪೆಟ್ಟಿಗೆಯ ತಳದಲ್ಲಿ ಆಗಿನ ಇಂಗ್ಲಿಷ್ ಕಾಗದಗಳು ಈಗಲೂ ಸಿಗುತ್ತವೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಎಲ್ಲಿ ನೋಡಿದರೂ ಕಾಡಿನ ಅಂಚಿನಲ್ಲಿ ಗದ್ದೆ ಮಾಡಿಕೊಂಡವರಿದ್ದಾರೆ. ಮೂರು ತಲೆಮಾರಿನಿಂದ ಇಲ್ಲೇ ಇದ್ದೇವೆ ಎಂದು ತೋರಿಸಿದರೆ ಆ ಜಾಗದ ಹಕ್ಕು ಸಿಗುತ್ತದೆ ಎಂದು ಕಾನೂನು ಬಂದದ್ದೇ ತಡ, ಜನ ಅಟ್ಟ ಹುಡುಕತೊಡಗಿದರು. ಗೆದ್ದಲು ತಿಂದ ಚೀಟಿಗಳೆಲ್ಲ ನನ್ನ ಜಗಲಿಗೆ ಬಂದವು. ನಾನೂ ಏನು ಕಮ್ಮಿ? ಶಿರಸಿಗೆ ಹೋಗಿ ನನ್ನ ಹೆಸರು, ಕೆಳಗೆ ‘ನಿವೃತ್ತ ಇಂಗ್ಲಿಷ್ ಶಿಕ್ಷಕರು’ ಎಂದು ರಬ್ಬರಿನ ಶಿಕ್ಕಾ ಮಾಡಿಸಿಕೊಂಡು ಬಂದೆ. ಕನ್ನಡಕ್ಕೆ ಇಳಿಸಿ, ಸಹಿ ಮಾಡಿ, ಕೆಳಗೆ ಶಿಕ್ಕಾ ಒತ್ತುವಾಗ ಒಳಗೊಳಗೇ ಖುಷಿಯಾಗುತ್ತಿತ್ತು.

ಆ ಹೆಂಗಸು ಬಂದದ್ದು ಹಾಗೆಯೇ. ಕೋಲಸಿರ್ಸಿಯ ಆಚೆ ಕಾಡಿಗೆ ತಾಗಿ ಅವಳ ಮನೆ. ದಿನಾ ಬೆಳಗಿನ ಬಸ್ಸಿಗೆ ಪೇಟೆಗೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಸೊಪ್ಪು, ಬಾಳೆಕಾಯಿ ಇಟ್ಟುಕೊಂಡು ಕೂರುತ್ತಿದ್ದಳು. ನಮ್ಮ ಮನೆಗೂ ಸೊಪ್ಪು ಅವಳದ್ದೇ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗಳನ್ನು ಯಲ್ಲಾಪುರದ ಕಡೆ ಕೊಟ್ಟಿದ್ದಳು. ಮನೆಯಲ್ಲಿ ಇರುವುದು ಅವಳು ಮತ್ತು ಹಾಸಿಗೆ ಹಿಡಿದ ಅತ್ತೆ, ಇಬ್ಬರೇ. ಮನೆಯ ಕೆಳಗಿನ ತುಂಡು ಗದ್ದೆಯಲ್ಲಿ ಇಬ್ಬರ ವರ್ಷದ ಅಕ್ಕಿಯಾಗುತ್ತಿತ್ತು. ಸೊಪ್ಪು ಬೆಳೆಯುವುದೂ ಅದರ ಬದಿಗೇ. ಆ ಗದ್ದೆ ಅವಳ ಹೆಸರಿಗೆ ಆಗಬೇಕು, ಅದಕ್ಕಾಗಿ ಅರ್ಜಿ ಕೊಟ್ಟಿದ್ದಳು. ಒಂದು ದೊಡ್ಡ ಮೊಗೆಕಾಯಿಯನ್ನು ಜಗಲಿಯ ಮೇಲಿಟ್ಟು, ಬಿಸ್ಕೀಟಿನ ಡಬ್ಬಿಯಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಕೈಗೆ ಕೊಟ್ಟಳು.

ಕಾಗದ ಚೆನ್ನಾಗಿತ್ತು. ಅಂಥ ಕಾಗದ ಸಿಗುವುದೇ ಅಪರೂಪ. ಸ್ವಾತಂತ್ರ್ಯಕ್ಕೂ ಮೊದಲಿನದು, ಮಸಿ ಮಾಸಿದ್ದರೂ ಅಕ್ಷರ ಕಾಣುತ್ತಿತ್ತು. ಯಾರೋ ಸಾಹೇಬ ತನ್ನ ಕೈಯಾರೆ ಬರೆದು ಸಹಿ ಹಾಕಿದ್ದ. ಇಂಥವನ ರೆಲಿಕ್ಟ್ ಆದ ಇಂಥ ಹೆಂಗಸು ಈಗ ಇರುವ ಜಾಗದಲ್ಲಿಯೇ ಇದ್ದುಕೊಂಡು ಗದ್ದೆ ಮಾಡಲು ಅಡ್ಡಿಯಿಲ್ಲ ಎಂಬುದು ಅದರ ಸಾರ. ಕಾಗದದಲ್ಲಿದ್ದ ಹೆಂಗಸು ಇವಳ ಗಂಡನ ಅಜ್ಜಿ.

“ಮಾಸ್ತರ್ರೇ, ಅಜ್ಜ ಜ್ವರ ಬಂದು ಸತ್ತೋದ. ಅಜ್ಜಿ ಅಲ್ಲೇ ಇತ್ತು. ಆಮೇಲೆ ಅಜ್ಜಿಗೆ ಕೊಟ್ಟ ಕಾಗದ ಇದು,” ಎಂದಳು ಅವಳು. ನಾನು ಓದುವ ಮೊದಲೇ ಹೇಳಿದಳು. ಇದು ನನಗೆ ಚೆನ್ನಾಗಿ ನೆನಪಿದೆ.

ರೆಲಿಕ್ಟ್ ಎಂಬ ಶಬ್ದವನ್ನು ನಾನು ಅದುವರೆಗೆ ಎಲ್ಲೂ ಓದಿರಲಿಲ್ಲ. ಓದಿಲ್ಲ ಎಂದು ಒಪ್ಪಿಕೊಂಡರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಎದುರಿಗೆ ಸೊಪ್ಪು ಮಾರುವ ಹೆಂಗಸು ಕೂತಿದ್ದಾಳೆ, ಮಾಸ್ತರಿಗೆ ಎಲ್ಲ ಗೊತ್ತು ಎಂದು ನಂಬಿ ಬಂದಿದ್ದಾಳೆ. ನಾನು ಕನ್ನಡಕ ಸರಿಮಾಡಿಕೊಂಡು ಬುಡ ಅಗೆದೆ. ರೆ ಎಂದರೆ ಹಿಂದೆ. ಲಿಂಕ್ವೆರೆ ಎಂದರೆ ಬಿಡು. ಲ್ಯಾಟಿನ್ನಿನಲ್ಲಿ ರೆಲಿಕ್ಟಾ ಎಂದರೆ ಬಿಡಲ್ಪಟ್ಟವಳು. ಇಷ್ಟು ನನಗೆ ಟ್ರೇನಿಂಗ್ ಕಾಲೇಜಿನ ನೋಟುಬುಕ್ಕಿನಿಂದ ಬಾಯಿಪಾಠ. ಬಿಡಲ್ಪಟ್ಟವಳು ಎಂದರೆ ನಮ್ಮ ಕಡೆಯ ಮಾತಿನಲ್ಲಿ ಏನು? ಗಂಡ ಬಿಟ್ಟವಳು. ಮುಗಿಯಿತು. ‘ಇಂಥವನು ಬಿಟ್ಟ ಹೆಂಡತಿ’ ಎಂದು ಬರೆದುಬಿಟ್ಟೆ.

ಬರೆದದ್ದನ್ನು ಓದಿ ಹೇಳಿದಾಗ ಅವಳಿಗೆ ಗೊಂದಲವಾಯಿತು. ಹಾಗಲ್ಲ, ಅಜ್ಜ ಬಿಟ್ಟು ಹೋದದ್ದಲ್ಲ, ಸತ್ತದ್ದು ಎಂದು ಮತ್ತೆ ಹೇಳಿದಳು. ಅಜ್ಜಿಯ ಕೈಯಲ್ಲಿ ಬಳೆ ಇರಲಿಲ್ಲ ಎಂದು ಅತ್ತೆ ಹೇಳುವುದನ್ನು ತಾನು ಕೇಳಿದ್ದೇನೆ ಎಂದಳು. ಗಂಡ ಬಿಟ್ಟು ಹೋದ ಸಿಟ್ಟಿಗೂ ಬಳೆ ಒಡೆದುಕೊಳ್ಳುತ್ತಾರೆ ಎಂದು ನಾನು ಸಮಜಾಯಿಷಿ ಕೊಟ್ಟೆ. ಎಲ್ಲಿಂದ ಬಂತೋ ಆ ಮಾತು ನನ್ನ ಬಾಯಿಗೆ! ಅವಳು ಒಪ್ಪಲಿಲ್ಲ, ಕಾಗದವನ್ನು ಇನ್ನೊಂದು ಸಲ ನೋಡಿ ಎಂದು ಕೈಚಾಚಿದಳು. ನನಗೆ ರೇಗಿತು.

“ಇಂಗ್ಲಿಷ್ ಓದಿದ್ದು ನಾನೋ ನೀನೋ?” ಎಂದೆ.

ಅವಳು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ನಾನು ಎರಡು ಪ್ರತಿ ಬರೆದು ಎರಡಕ್ಕೂ ಶಿಕ್ಕಾ ಒತ್ತಿದೆ. ಅವಳು ಎದ್ದು ಕೈಮುಗಿದು, ಸೆರಗಿನಲ್ಲಿ ಡಬ್ಬಿ ಮುಚ್ಚಿಕೊಂಡು ಬಸ್ಸಿಗೆ ಹೋದಳು. ಆ ದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಮೊಗೆಕಾಯಿ ಹುಳಿ. ಎರಡು ಸಲ ಹಾಕಿಸಿಕೊಂಡು ಉಂಡಿದ್ದೆ.

ಮುಂದಿನ ಮಳೆಗಾಲ ಬರುವ ಮೊದಲೇ ಅವಳ ಅರ್ಜಿ ತಿರಸ್ಕಾರವಾಯಿತು. ಹಿಂಬರಹದ ಕಾಗದ ಹಿಡಿದುಕೊಂಡು ನನ್ನ ಹತ್ತಿರವೇ ಬಂದಳು, ಓದಿ ಹೇಳಿ ಎಂದು. ಕನ್ನಡದಲ್ಲೇ ಇತ್ತು. ಅರ್ಜಿಯಲ್ಲಿ, ಅಜ್ಜನ ಕಾಲದಿಂದ ಸಾಗುವಳಿಯಿದೆ, ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಅಲ್ಲೇ ಉಳಿದು ನಡೆಸಿದ್ದಾಳೆ ಎಂದಿದೆ. ಕೊಟ್ಟ ಪುರಾವೆಯ ಭಾಷಾಂತರದಲ್ಲಿ, ಅಜ್ಜ ಹೆಂಡತಿಯನ್ನು ಬಿಟ್ಟಿದ್ದ ಎಂದಿದೆ. ಹೇಳಿಕೆಯೂ ದಾಖಲೆಯೂ ಒಂದಕ್ಕೊಂದು ವಿರುದ್ಧ, ಆದ್ದರಿಂದ ಪುರಾವೆಯನ್ನು ನಂಬಲು ಬರುವುದಿಲ್ಲ. ಅವಳ ಹತ್ತಿರ ಇದ್ದ ಪುರಾವೆ ಅದೊಂದೇ.

ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಅರ್ಜಿ ಬರೆಯುವಾಗಲೇ ಕಾಗದದಲ್ಲಿ ಇದ್ದ ಹಾಗೆ ಬರೆಯಬೇಕಿತ್ತು, ಅಜ್ಜ ಸತ್ತ ಎಂದು ಯಾಕೆ ಬರೆಸಿದೆ ಎಂದು ಅವಳನ್ನೇ ಗದರಿಸಿದೆ. ಮೇಲ್ಮನವಿ ಹಾಕು ಎಂದು ಒಂದು ಮಾತು ಹೇಳಿ ಕೈತೊಳೆದುಕೊಂಡೆ. ಎಲ್ಲಿ ಹಾಕಬೇಕು, ಎಷ್ಟು ದಿನದೊಳಗೆ ಹಾಕಬೇಕು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳು ತಲೆ ಬಗ್ಗಿಸಿಕೊಂಡು ಮೆಟ್ಟಿಲಿಳಿದಳು. ಆಮೇಲೆ ನಮ್ಮ ಮನೆಗೆ ಸೊಪ್ಪು ಕೊಡಲು ಬರುವುದನ್ನು ನಿಲ್ಲಿಸಿದಳು. ಕೊಬ್ಬು ನೋಡು ಅವಳಿಗೆ ಎಂದು ನಾನು ಮನೆಯಲ್ಲಿ ಆಡಿಕೊಂಡೆ.

ಆ ವರ್ಷ ಅರಣ್ಯ ಇಲಾಖೆಯವರು ಗದ್ದೆಯ ಸುತ್ತ ಅಗಳ ಹೊಡೆದರು. ಜೆಸಿಬಿ ತಂದು ಆಳುದ್ದದ ಕಾಲುವೆ ತೋಡಿ, ಗದ್ದೆಯನ್ನು ಕಾಡಿನ ಕಡೆಗೆ ಸೇರಿಸಿ, ಮಳೆ ಹಿಡಿದ ಮೇಲೆ ಅಕೇಶಿಯಾ ಗಿಡ ನೆಟ್ಟರು. ಕಾನೂನಿನಲ್ಲಿ ಇದ್ದದ್ದನ್ನು ಅವರು ಮಾಡಿದರು, ಅವರನ್ನು ಬಯ್ದು ಏನು ಬಂತು. ಮನೆಯನ್ನು ಮುಟ್ಟಲಿಲ್ಲ. ಮನೆಯ ಬಾಗಿಲಿನಿಂದ ಹತ್ತು ಹೆಜ್ಜೆಗೆ ಅಗಳ. ಇದೆಲ್ಲ ನನಗೆ ಪೇಟೆಯಲ್ಲಿ ಯಾರೋ ಹೇಳಿ ಗೊತ್ತಾದದ್ದು. ಗೊತ್ತಾದಾಗ ಪಾಪ ಎಂದೆ, ಚಾ ಕುಡಿದೆ, ಮನೆಗೆ ಬಂದೆ.

ಮತ್ತೊಂದು ವರ್ಷ ಕಳೆಯಿತು. ನನ್ನ ತಮ್ಮನ ಮೊಮ್ಮಗಳು ಶಿರಸಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಾಳೆ. ಒಂದು ದಿನ ಜೋಗದ ದಾರಿಯ ಕಡೆಯ ಜೌಗು ಕಾಡು ನೋಡಲು ಕ್ಲಾಸಿನವರ ಜೊತೆ ಬಂದವಳು, ವಾಪಸು ಹೋಗುವಾಗ ನಮ್ಮಲ್ಲಿ ಊಟಕ್ಕೆ ಇಳಿದಳು. ಕಾಲಿಗೆಲ್ಲ ಕೆಸರು, ಜಿಗಣೆ ಕಚ್ಚಿದ ಗುರುತು, ಬಾಯಿ ತುಂಬ ಆ ಕಾಡಿನದೇ ಮಾತು. ಅದನ್ನು ರೆಲಿಕ್ಟ್ ಕಾಡು ಅನ್ನುತ್ತಾರೆ ದೊಡ್ಡಜ್ಜ ಎಂದಳು. ನನ್ನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಹಾಗೆಂದರೆ ಜನ ಬಿಟ್ಟುಹೋದ ಕಾಡೋ ಎಂದು ಕೇಳಿದೆ. ಅವಳು ನಕ್ಕಳು. ಬಿಟ್ಟದ್ದಲ್ಲ, ಉಳಿದದ್ದು ಎಂದಳು. ಸುತ್ತಲಿನ ಅಂಥ ಕಾಡೆಲ್ಲ ಸತ್ತುಹೋದ ಮೇಲೂ ಇದೊಂದು ತನ್ನ ಜಾಗದಲ್ಲೇ ಉಳಿದುಕೊಂಡಿದೆಯಂತೆ. ಅದಕ್ಕೇ ಅದನ್ನು ಮುಟ್ಟಬಾರದು, ಕಾಪಾಡಬೇಕು ಎಂದು ಅವರ ಪ್ರೊಫೆಸರು ಹೇಳಿದರಂತೆ.

ಕೈ ತೊಳೆದವನು ಸೀದಾ ಟಿವಿಯ ಹತ್ತಿರ ಹೋದೆ. ನಮ್ಮ ಟಿವಿ ಸ್ಟ್ಯಾಂಡಿನ ಒಂದು ಕಾಲು ಗಿಡ್ಡ. ಅದರ ಅಡಿಗೆ ನನ್ನ ದೊಡ್ಡ ಇಂಗ್ಲಿಷ್ ಡಿಕ್ಷನರಿ ಇತ್ತು. ರಿಟೈರಾದ ದಿನ ಶಾಲೆಯವರು ಶಾಲು ಹೊದೆಸಿ ಕೊಟ್ಟದ್ದು. ಬುಡ ಬಲ್ಲವನಿಗೆ ಇದರ ಉಪಯೋಗ ಇಷ್ಟೇ ಎಂದು ಬಂದವರೆದುರು ಚಾಷ್ಟಿ ಮಾಡಿ ನಾನೇ ಇಟ್ಟಿದ್ದೆ. ಹುಡುಗಿ ಟಿವಿ ಹಿಡಿದುಕೊಂಡಳು, ನಾನು ಪುಸ್ತಕ ಎಳೆದು ಆರ್ ಅಕ್ಷರಕ್ಕೆ ಹೋದೆ.

ಅಲ್ಲಿ ಎರಡು ಅರ್ಥ ಇತ್ತು. ಒಂದು ಹುಡುಗಿ ಹೇಳಿದ್ದು, ಮಿಕ್ಕೆಲ್ಲ ಹೋದರೂ ಉಳಿದುಕೊಂಡ ಗಿಡ, ಪ್ರಾಣಿ, ಕಾಡು. ಇನ್ನೊಂದು, ಹಳೆಯ ಬಳಕೆ ಎಂದು ಗುರುತು ಹಾಕಿದ್ದು: ವಿಧವೆ. ಬರೇ ವಿಧವೆ. ಕೆಳಗೆ ಶಬ್ದದ ಮೂಲ ಕೊಟ್ಟಿದ್ದರು, ನಾನು ಬೋರ್ಡಿನ ಮೇಲೆ ಬಿಡಿಸುತ್ತಿದ್ದ ಅದೇ ರೆ, ಅದೇ ಲಿಂಕ್ವೆರೆ. ಬುಡದಲ್ಲಿ ನಾನು ತಪ್ಪಿರಲಿಲ್ಲ. ಸಾಯುವ ಗಂಡ ತನ್ನ ಹಿಂದೆ ಉಳಿಸಿ ಹೋದವಳು ಎಂಬ ಅರ್ಥದಲ್ಲಿ ಹಳೆಯ ಕೋರ್ಟುಗಳಲ್ಲಿ, ಗೋರಿಕಲ್ಲುಗಳ ಮೇಲೆ ಹಾಗೆ ಬರೆಯುತ್ತಿದ್ದರಂತೆ. ಬಿಟ್ಟು ಹೋದದ್ದು ಹೌದು, ಸತ್ತು ಬಿಟ್ಟುಹೋದದ್ದು. ಆ ಸಾಹೇಬ ಸರಿಯಾಗಿಯೇ ಬರೆದಿದ್ದ. ಸೊಪ್ಪಿನವಳು ಸರಿಯಾಗಿಯೇ ಹೇಳಿದ್ದಳು. ನಡುವೆ ಕೂತ ನಾನೊಬ್ಬ ಮುಠ್ಠಾಳ.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಹೆಂಗಸು ಕೂತು ಮಾತಾಡಿದ್ದನ್ನು ಅವಳು ಆ ದಿನ ಒಳಗಿನಿಂದ ಕೇಳಿದ್ದಳು.

“ಪುಸ್ತಕ ಮನೇಲೇ ಇತ್ತಲಿ. ತೆಗದು ನೋಡಲೆ ಎಂತಾಗಿತ್ತು ನಿಂಗಕ್ಕೆ?” ಎಂದಳು.

ಹುಡುಗಿ ಇನ್ನೂ ಟಿವಿ ಹಿಡಿದುಕೊಂಡೇ ನಿಂತಿದ್ದಳು, ಅದರ ಕಾಲಡಿಗೆ ಏನು ಇಡಬೇಕು ಎಂದು ಯಾರಿಗೂ ತೋಚಲಿಲ್ಲ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ. ಅವಳು ಎಂದಿನ ಜಾಗದಲ್ಲಿಯೇ ಇದ್ದಳು, ಮುಂದೆ ನಾಲ್ಕು ಬಾಳೆಕಾಯಿ ಮಾತ್ರ. ಸೊಪ್ಪು ಎಲ್ಲಿ ಎಂದು ಕೇಳಬಾರದಿತ್ತು, ಕೇಳಿದೆ. ಸೊಪ್ಪು ಬೆಳೆಯಲು ಜಾಗ ಎಲ್ಲಿದೆ ಎಂದಳು. ನಾನು ಅಲ್ಲೇ ನಿಂತು, ಕಾಗದದಲ್ಲಿ ನನ್ನದೊಂದು ತಪ್ಪಾಗಿದೆ, ಸರಿಮಾಡಿ ಬರೆದಿದ್ದೇನೆ, ಶಿರಸಿಗೆ ಹೋಗೋಣ ಎಂದೆ. ತಪ್ಪೇನು ಎಂದು ಅವಳು ಕೇಳಲಿಲ್ಲ. ಬಾಳೆಕಾಯಿಯನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದು ಬಂದಳು.

ಅರ್ಜಿ ತಿರಸ್ಕರಿಸಿದ್ದ ಶಿರಸಿಯ ಕಚೇರಿಯಲ್ಲಿ ಕೂತಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. ಚಿಕ್ಕ ವಯಸ್ಸು, ಹಾವೇರಿ ಕಡೆಯ ಮಾತು, ಬರ್ರಿ ಕೂಡ್ರಿ ಎಂದು ಕುರ್ಚಿ ಕೊಟ್ಟರು. ನಾನು ಡಿಕ್ಷನರಿಯನ್ನೇ ಚೀಲದಲ್ಲಿ ಹೊತ್ತುಕೊಂಡು ಹೋಗಿದ್ದೆ. ಮೇಜಿನ ಮೇಲೆ ತೆರೆದಿಟ್ಟು ತೋರಿಸಿದೆ. ಅವರು ಬೆರಳಿಟ್ಟು ಪೂರಾ ಓದಿದರು. ಆಮೇಲೆ ಫೈಲು ತರಿಸಿ ನನ್ನ ಹಳೆಯ ಕಾಗದವನ್ನೂ ಹೊಸ ಕಾಗದವನ್ನೂ ಪಕ್ಕಪಕ್ಕಕ್ಕೆ ಇಟ್ಟರು.

“ಎರಡಕ್ಕೂ ಶಿಕ್ಕಾ ನಿಮ್ಮದೇ ಐತ್ರಿ, ಸರ್. ನಾ ಯಾವುದನ್ನ ನಂಬಲಿ, ನೀವೇ ಹೇಳ್ರಿ?” ಎಂದರು.

ವ್ಯಂಗ್ಯವಾಗಿ ಕೇಳಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು. ನಿಜವಾಗಿಯೇ ಕೇಳಿದ್ದರು. ಮೇಲ್ಮನವಿಯ ಗಡುವು ಮುಗಿದು ವರ್ಷವಾಗಿದೆ, ಫೈಲು ಮೇಲಿನಿಂದಲೂ ಮುಗಿದು ಬಂದಿದೆ, ಮತ್ತೆ ತೆರೆಯುವ ಅಧಿಕಾರ ತಮಗಿಲ್ಲ ಎಂದು ಬಿಡಿಸಿ ಹೇಳಿದರು. ಕೋರ್ಟಿಗೆ ಹೋಗಬಹುದು ಎಂದರು. ಕೋರ್ಟು ಎಂದ ಕೂಡಲೇ ಅವಳು ಎದ್ದು ನಿಂತಳು. ನಾನು ಮಾತ್ರ ಮೇಜು ಕುಟ್ಟಿ ಕೂಗಾಡಿದೆ. ಉಳಿದುಕೊಂಡ ಕಾಡನ್ನು ಕಾಪಾಡುತ್ತೀರಿ, ಉಳಿದುಕೊಂಡ ಹೆಂಗಸಿನ ಬಾಗಿಲಿಗೆ ಅಗಳ ಹೊಡೆಯುತ್ತೀರಿ, ಎರಡಕ್ಕೂ ಇಂಗ್ಲಿಷಿನಲ್ಲಿ ಶಬ್ದ ಒಂದೇ ಎಂದು ಏನೇನೋ ಅಂದೆ. ಯಾರ ಮೇಲಿನ ಸಿಟ್ಟನ್ನು ಯಾರ ಮೇಲೆ ಹಾಕುತ್ತಿದ್ದೇನೆ ಎಂದು ಆ ಹುಡುಗನಿಗೂ ಗೊತ್ತಾಗಿರಬೇಕು. ಅವರು ಡಿಕ್ಷನರಿಯನ್ನು ಮುಚ್ಚಿ, ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಹತ್ತಿರ ಕೂತಿದ್ದಳು. ಬಸ್ಸು ಶಿರಸಿ ದಾಟಿದಾಗ ಆ ಶಬ್ದಕ್ಕೆ ನಿಜವಾಗಿ ಏನು ಅರ್ಥ ಎಂದು ಕೇಳಿದಳು. ಗಂಡ ಸತ್ತವಳು ಎಂದೆ. ಅವಳು ತಲೆಯಾಡಿಸಿದಳು. ಸ್ವಲ್ಪ ದೂರ ಹೋದ ಮೇಲೆ, ನನಗೆ ಅದುವರೆಗೆ ಗೊತ್ತೇ ಇರದ ಸಂಗತಿಯನ್ನು ಹೇಳಿದಳು.

ಅರ್ಜಿ ತಿರಸ್ಕಾರವಾದ ದಿನ ಅವಳು ಅತ್ತೆಗೆ ಕಾರಣ ಹೇಳಲೇಬೇಕಾಯಿತಂತೆ. ಅಜ್ಜ ಅಜ್ಜಿಯನ್ನು ಬಿಟ್ಟು ಹೋಗಿದ್ದನಂತೆ, ಹಾಗೆಂದು ಕಾಗದದಲ್ಲಿ ಇದೆಯಂತೆ, ಮಾಸ್ತರು ಓದಿ ಹೇಳಿದರು ಎಂದಳಂತೆ. ಅತ್ತೆ ಆ ಮನೆಗೆ ಸೊಸೆಯಾಗಿ ಬಂದಾಗ ಅಜ್ಜ ಇರಲಿಲ್ಲ. ಅಜ್ಜಿ ಇದ್ದಳು, ಆದರೆ ಗಂಡನ ಮಾತನ್ನು ಎತ್ತುತ್ತಿದ್ದವಳಲ್ಲ. ಅಷ್ಟು ಕಾಲ ಅದು ದುಃಖ ಎಂದುಕೊಂಡಿದ್ದ ಮುದುಕಿ, ನನ್ನ ಶಬ್ದ ಕೇಳಿದ ಮೇಲೆ ಅದು ಸಿಟ್ಟು, ಅವಮಾನ ಎಂದು ತಿಳಿದಳು. ಅವರ ಮನೆಯಲ್ಲಿ ಮಾಲಯ ಅಮಾವಾಸ್ಯೆಯ ದಿನ ತೀರಿಕೊಂಡ ಹಿರಿಯರಿಗೆಲ್ಲ ಒಂದೊಂದು ಬಾಳೆ ಎಲೆ ಹಾಕಿ ಎಡೆ ಬಡಿಸುತ್ತಾರೆ. ಆ ವರ್ಷ ಮುದುಕಿ ಮಲಗಿದ್ದಲ್ಲಿಂದಲೇ, ಹೆಂಡತಿಯನ್ನು ನಡುನೀರಿನಲ್ಲಿ ಬಿಟ್ಟು ಓಡಿದವನಿಗೆ ಎಂತಕ್ಕೆ ಎಡೆ ಎಂದು ಅಜ್ಜನ ಎಲೆಯನ್ನು ತೆಗೆಸಿದಳು. ಅದರ ಮುಂದಿನ ಮಳೆಗಾಲದಲ್ಲಿ ಅವಳೂ ಹೋದಳು.

“ಸಾಯೂ ಹೊತ್ತಿಗೂ ಅತ್ತೆ ಅಜ್ಜನ್ನ ಬಯ್ತಾ ಇತ್ತು, ಮಾಸ್ತರ್ರೇ. ಗದ್ದೆ ಹೋಗಿದ್ದೂ ಅವ್ನಿಂದನೇ ಅಂತ,” ಎಂದಳು.

ನಾನು ಮಡಿಲಲ್ಲಿದ್ದ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ. ಕ್ಷಮಿಸು ಎಂದು ಹೇಳಲಿಲ್ಲ. ಜನ್ಮವಿಡೀ ಮಕ್ಕಳ ತಪ್ಪು ತಿದ್ದಿದ ಬಾಯಿಗೆ ತನ್ನ ತಪ್ಪು ಹೇಳಲು ಬರುವುದಿಲ್ಲ. ಸಿದ್ದಾಪುರದಲ್ಲಿ ಇಳಿಯುವಾಗ ಅವಳೇ, ಈ ಸಲ ಅಮಾವಾಸ್ಯೆಗೆ ನಮ್ಮನೆಗೆ ಬರಬೇಕು ಎಂದು ಕರೆದಳು.

ಹೋದೆ. ಕೋಲಸಿರ್ಸಿಯಲ್ಲಿ ಬಸ್ಸಿಳಿದು ನಡೆದೆ. ಅಗಳವನ್ನು ಅದುವರೆಗೆ ನಾನು ಕಣ್ಣಾರೆ ನೋಡಿರಲಿಲ್ಲ. ಅಂಗಳದ ತುದಿಗೇ ಇತ್ತು, ಮಳೆನೀರು ನಿಂತು ಕೆಂಪಗಾಗಿತ್ತು. ಆಚೆಗೆ ಗದ್ದೆಯ ಬದು, ಹಾಳಿ ಇನ್ನೂ ಕಾಣುತ್ತಿತ್ತು, ನಡುವೆ ಸಾಲಾಗಿ ಮೊಣಕಾಲೆತ್ತರದ ಅಕೇಶಿಯಾ. ಯಲ್ಲಾಪುರದಿಂದ ಮಗಳು ಕರೆಯುತ್ತಿದ್ದಾಳೆ, ತಾನು ಹೋಗುವುದಿಲ್ಲ ಎಂದಳು ಅವಳು. ಅಕ್ಕಿ ಈಗ ಅಂಗಡಿಯದು.

ಒಳಗೆ ಗೋಡೆಯ ಬದಿಗೆ ಐದು ಎಲೆ ಹಾಕಿದ್ದಳು. ಗಂಡನದು, ಮಾವನದು, ಅತ್ತೆಯದು, ಅಜ್ಜಿಯದು, ನಾಲ್ಕಕ್ಕೂ ಬಡಿಸಿ ಆಗಿತ್ತು. ಅಜ್ಜಿಯ ಎಲೆಯ ಪಕ್ಕದ್ದು ಮಾತ್ರ ಖಾಲಿ.

“ಇದು ಅಜ್ಜಂದು. ನಾನು ಹೇಳಿದ್ರೆ ಆಗೂದಿಲ್ಲ, ಹೇಳಿದ್ದು ನೀವು. ನೀವೇ ಹೇಳಿ, ಆಮೇಲೆ ಬಡಿಸೂದು,” ಎಂದಳು.

ನಾನು ಖಾಲಿ ಎಲೆಯ ಮುಂದೆ ಕೂತೆ. ಕೈ ಮುಗಿದೆ. ಸದರಿ ದಾಖಲೆಯಲ್ಲಿ ಉಪಯೋಗಿಸಿದ ಶಬ್ದವು ಮೂಲತಃ ಲ್ಯಾಟಿನ್ ಭಾಷೆಯದಾಗಿದ್ದು ಎಂದು ಶುರುಮಾಡಿದೆ. ಅಭ್ಯಾಸ, ಏನು ಮಾಡಲಿ? ಅವಳು ತಡೆದಳು. ಅದೆಲ್ಲ ಬೇಡ, ಸತ್ತವರಿಗೆ ತಿಳಿಯುವ ಹಾಗೆ ಹೇಳಿ, ಅತ್ತೆಗೂ ಕೇಳಬೇಕು ಎಂದಳು. ನನ್ನ ಕಣ್ಣು ತುಂಬಿ ಎಲೆ ಮಂಜಾಯಿತು.

“ನೀನು ಹೆಂಡತಿಯನ್ನು ಬಿಟ್ಟು ಹೋದವನಲ್ಲ,” ಎಂದೆ. “ಜ್ವರ ಬಂದು ಸತ್ತೆ. ನೀನು ಸತ್ತ ಮೇಲೂ ಅವಳು ಇಲ್ಲೇ ಇದ್ದಳು.”

ಅವಳು ಬಗ್ಗಿ ಎಲೆಗೆ ಅನ್ನ ಬಡಿಸಿದಳು. ಪಲ್ಯ ಬಡಿಸಿದಳು, ಸಾರು ಬಿಟ್ಟಳು, ನೀರಿನ ಲೋಟ ಇಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ಇಷ್ಟೇ ಅಲ್ದಾ ಮಾಸ್ತರ್ರೇ. ನಾ ಆವತ್ತು ಹೇಳಿದ್ದೂ ಇದೇ.”